ಕಡಲಿಗೆ ಬೆನ್ನು ಹಾಕಿ

ಬೈಂದೂರು ಕಡೆಯ ಕಡಲ ದಂಡೆಯಲ್ಲಿ ಬೆಳೆದ ಮಕ್ಕಳಿಗೆ ಮನೆಯಲ್ಲಿ ಕಲಿಸುವ ಮೊದಲ ಪಾಠ ಒಂದಿದೆ. "ಕಡ್ಲಿಗೆ ಬೆನ್ ಹಾಕುಕಾಗ ಮಗಾ." ಕಡಲಿಗೆ ಬೆನ್ನು ಹಾಕಬಾರದು ಅಂತ. ಅಮ್ಮ ಇದನ್ನು ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ. ಏಪ್ರಿಲ್‌ನ ಒಂದು ಬೆಳಿಗ್ಗೆ ನಾನು ಸುಲು ಸಮುದ್ರದ ನಡುವೆ, ಒಂದು ಸಣ್ಣ ದೋಣಿಯ ಅಂಚಿನಲ್ಲಿ, ಕಡಲಿಗೆ ಬೆನ್ನು ಹಾಕಿಯೇ ಕೂತಿದ್ದೆ. ಬೆನ್ನಿಗೆ ಗಾಳಿಯ ಸಿಲಿಂಡರ್, ಕಾಲಿಗೆ ಈಜುವ ಫಿನ್. ಒಂದು ಕೈಯಲ್ಲಿ ಮುಖದ ಮಾಸ್ಕನ್ನೂ ಬಾಯಲ್ಲಿದ್ದ, ಉಸಿರಾಡುವ ರೆಗ್ಯುಲೇಟರನ್ನೂ ಒತ್ತಿ ಹಿಡಿದಿದ್ದೆ. ಗೈಡ್ ಮೂರರಿಂದ ಕೆಳಗೆ ಎಣಿಸುತ್ತಿದ್ದ. ಒಂದು ಅಂದ ಕೂಡಲೇ ಹಿಂದಕ್ಕೆ ಬೀಳಬೇಕು.

ಆ ಅಂಚಿಗೆ ಬಂದು ಕೂರಲು ನನಗೆ ಹದಿನಾಲ್ಕು ತಿಂಗಳು ಹಿಡಿಯಿತು.

ಜಾಗದ ಹೆಸರು ಟುಬ್ಬಟಾಹಾ. ಫಿಲಿಪ್ಪೀನ್ಸ್‌ನ ಪಲಾವಾನ್ ದ್ವೀಪದಲ್ಲಿ ಪ್ವೆರ್ಟೊ ಪ್ರಿನ್ಸೆಸಾ ಅನ್ನುವ ಊರಿದೆ. ಅಲ್ಲಿಂದ ಆಗ್ನೇಯಕ್ಕೆ ಸುಮಾರು 150 ಕಿ.ಮೀ. ಹೋದರೆ ಎರಡು ದೊಡ್ಡ ಹವಳದ ಉಂಗುರಗಳು, ಅವುಗಳ ಮೇಲೆ ಪುಟ್ಟ ಮರಳುದಿಬ್ಬಗಳು. ಅಷ್ಟೇ. ಊರಿಲ್ಲ, ಹೋಟೆಲಿಲ್ಲ. ಆ ಕಡೆಯ ಕಡಲಿನವರಾದ ಸಮಾಲ್ ಜನರ ಮಾತಿನಲ್ಲಿ ಆ ಹೆಸರಿಗೆ ನೀರಿಳಿದಾಗ ಮೇಲೆ ಕಾಣುವ ಉದ್ದನೆಯ ಬಂಡೆಸಾಲು ಅನ್ನುವ ಅರ್ಥವಂತೆ. ಅಲ್ಲಿ ಡೈವ್ ಮಾಡಬೇಕೆಂದರೆ ಲಿವ್‌ಅಬೋರ್ಡ್ ಬೋಟ್ ಒಂದೇ ದಾರಿ. ಬೋಟಿನಲ್ಲೇ ಊಟ, ಬೋಟಿನಲ್ಲೇ ನಿದ್ದೆ, ದಿನಕ್ಕೆ ಮೂರು ನಾಲ್ಕು ಸಲ ನೀರಿಗೆ.

ಕಡಲು ಬಾಗಿಲು ತೆರೆಯುವುದು ವರ್ಷಕ್ಕೆ ಮೂರೇ ತಿಂಗಳು. ಮಾರ್ಚ್ ನಡುವಿನಿಂದ ಜೂನ್ ನಡುವಿನ ತನಕ. ಈಶಾನ್ಯದ ಗಾಳಿಗೆ ಅಲ್ಲಿಯವರು ಅಮಿಹಾನ್ ಅನ್ನುತ್ತಾರೆ, ನೈಋತ್ಯದ್ದಕ್ಕೆ ಹಬಗಾಟ್. ಒಂದು ಹೋಗಿ ಇನ್ನೊಂದು ಬರುವ ನಡುವಿನ ಬಿಡುವಿನಲ್ಲಿ ಮಾತ್ರ ಕಡಲು ಸುಮ್ಮನಿರುತ್ತದೆ. ಇದು ನನಗೆ ತಕ್ಷಣ ಅರ್ಥವಾಯಿತು. ನಮ್ಮಲ್ಲೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವ ಹಾಗಿಲ್ಲ ಅಲ್ವಾ. ಮೂರೇ ತಿಂಗಳು ಅಂದ ಮೇಲೆ ಜಾಗ ಬೇಗ ತುಂಬಿಹೋಗುತ್ತದೆ. ಹಿಂದಿನ ವರ್ಷದ ಫೆಬ್ರವರಿಯಲ್ಲೇ ನಾನೂ ನನ್ನ ಗೆಳತಿಯೂ ತಾರೀಕು ಹುಡುಕಲು ಕೂತೆವು.

ಮೂರು ವಾರಗಳಲ್ಲಿ ಜಾಗ ಖಾಲಿಯಿತ್ತು. ಯಾವುದನ್ನು ಆರಿಸುವುದು? ಗೋಡೆಯ ಮೇಲಿದ್ದ ಪಂಚಾಂಗದ ಕ್ಯಾಲೆಂಡರನ್ನೇ ಇಳಿಸಿಕೊಂಡೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಭರತ ಇಳಿತ ಜೋರು, ನೀರಿನ ಸೆಳೆತವೂ ಜಾಸ್ತಿ. ಅಷ್ಟಮಿಯ ಹೊತ್ತಿಗೆ ಸೆಳೆತ ಕಡಿಮೆ. ಇದನ್ನು ಕಲಿಯಲು ನನಗೆ ಯಾವ ಡೈವಿಂಗ್ ಪುಸ್ತಕವೂ ಬೇಕಾಗಲಿಲ್ಲ, ನಮ್ಮೂರಿನ ದೋಣಿಯವರ ಬಾಯಲ್ಲಿ ಕೇಳುತ್ತಲೇ ಬೆಳೆದದ್ದು. ಅಷ್ಟಮಿ ಬೀಳುವ ಏಪ್ರಿಲ್‌ನ ವಾರಕ್ಕೆ ಹಣ ಕಟ್ಟಿದೆವು. ಎರಡು ವರ್ಷದ ಉಳಿತಾಯ ಅಲ್ಲಿಗೆ ಹೋಯಿತು.

ಉಳಿದ ತಿಂಗಳುಗಳು ತಯಾರಿಗೆ. ನನ್ನ ಹತ್ತಿರ ಡೈವಿಂಗಿನ ಮೊದಲ ಹಂತದ ಓಪನ್ ವಾಟರ್ ಸರ್ಟಿಫಿಕೇಟ್ ಇತ್ತು, ಅದು 18 ಮೀಟರ್ ಆಳಕ್ಕೆ. ಬೋಟಿನವರು ಅದರ ಮುಂದಿನ ಹಂತ, ಅಡ್ವಾನ್ಸ್‌ಡ್, ಬೇಕೇ ಬೇಕು ಅಂದರು. ಅಂಡಮಾನಿನ ಹ್ಯಾವ್‌ಲಾಕಿಗೆ ಹೋಗಿ ಅದನ್ನು ಮುಗಿಸಿದೆ. ಈಗ 30 ಮೀಟರ್ ತನಕ ಇಳಿಯಬಹುದು. ಜೊತೆಗೆ ನೈಟ್ರಾಕ್ಸ್ ಕೋರ್ಸನ್ನೂ ಮಾಡಿಕೊಂಡೆ. ಮಾಮೂಲಿ ಗಾಳಿಯಲ್ಲಿ ಆಮ್ಲಜನಕ 21 ಶೇಕಡಾ ಇದ್ದರೆ ನೈಟ್ರಾಕ್ಸ್ ಸಿಲಿಂಡರಿನಲ್ಲಿ ಸಾಮಾನ್ಯವಾಗಿ 32. ಸಾರಜನಕ ಕಡಿಮೆಯಾದಷ್ಟೂ ಅದು ಮೈಯಲ್ಲಿ ಸೇರುವುದು ಕಡಿಮೆ. ದಿನಕ್ಕೆ ನಾಲ್ಕು ಡೈವ್, ಅದೂ ಸಾಲಾಗಿ ಐದು ದಿನ ಅನ್ನುವಾಗ ಇದು ದೊಡ್ಡ ವಿಷಯ. ಆದರೆ ಆ ಸಿಲಿಂಡರ್ ಹೊತ್ತು 33 ಮೀಟರಿಗಿಂತ ಕೆಳಗೆ ಹೋಗಬಾರದು. ಹೆಚ್ಚಿನ ಒತ್ತಡದಲ್ಲಿ ಆಮ್ಲಜನಕವೇ ವಿಷವಾಗುತ್ತದೆ.

ನಿಜವಾದ ಅಭ್ಯಾಸ ನಡೆದದ್ದು ನೇತ್ರಾಣಿಯಲ್ಲಿ. ಮುರುಡೇಶ್ವರದಿಂದ ಬೋಟಿನಲ್ಲಿ ಒಂದೂವರೆ ಗಂಟೆ. ಡಿಸೆಂಬರ್‌ನಿಂದ ಫೆಬ್ರವರಿ ತನಕ ಬಿಡುವಾದಾಗಲೆಲ್ಲ ಹೋದೆ. ನೀರಿನಲ್ಲಿ ಏಳದೆ ಮುಳುಗದೆ ಒಂದೇ ಮಟ್ಟದಲ್ಲಿ ನಿಲ್ಲುವುದನ್ನು ಕಲಿಯಲು ಹೋದೆ. ಹವಳಕ್ಕೆ ಫಿನ್ ತಾಗಿದರೆ ಎಷ್ಟೋ ವರ್ಷ ಬೆಳೆದದ್ದು ಒಂದು ಕ್ಷಣದಲ್ಲಿ ಮುರಿಯುತ್ತದೆ. ಅಷ್ಟು ದೂರ ಹೋಗಿ ಅದನ್ನು ಮುರಿದು ಬರುವುದಾದರೆ ಹೋಗದಿರುವುದೇ ವಾಸಿ ಅಂತ ನನಗೆ ಗಟ್ಟಿಯಾಗಿ ಅನಿಸಿತ್ತು. ಕಿತ್ತಳೆ ಬಣ್ಣದ ಉದ್ದನೆಯ ಗಾಳಿಚೀಲವನ್ನು ನೀರೊಳಗಿನಿಂದ ಮೇಲಕ್ಕೆ ಬಿಡುವುದನ್ನೂ ಅಲ್ಲೇ ಕಲಿತೆ. ಸೆಳೆತ ಎಳೆದುಕೊಂಡು ಹೋದರೆ ದೋಣಿಯವರಿಗೆ ನಾವಿರುವ ಜಾಗ ತೋರಿಸುವುದು ಮುಖ್ಯವಾಗಿ ಅದೇ. ಮೊದಲ ಸಲ ದಾರ ನನ್ನ ಕೈಗೇ ಸುತ್ತಿಕೊಂಡಿತು. ಹತ್ತನೇ ಸಲಕ್ಕೆ ಕಣ್ಣು ಮುಚ್ಚಿ ಬಿಡುವಷ್ಟು ರೂಢಿಯಾಯಿತು.

ಒಂದು ತಪ್ಪಾಗಿತ್ತು, ಅದನ್ನೂ ಹೇಳಬೇಕು. ವಾಪಸು ಬರುವ ವಿಮಾನವನ್ನು ಕೊನೆಯ ಡೈವ್ ಮುಗಿದ ಹದಿನಾರು ಗಂಟೆಗೆ ಬುಕ್ ಮಾಡಿಬಿಟ್ಟಿದ್ದೆ. ಗೆಳತಿ ಕಾಗದದ ಮೇಲೆ ಗಂಟೆಗಳನ್ನು ಬರೆದು ತೋರಿಸಿದಾಗ ಮೈ ತಣ್ಣಗಾಯಿತು. ಹಲವು ದಿನ ಡೈವ್ ಮಾಡಿದ ಮೇಲೆ ಕಡಿಮೆಯೆಂದರೂ 18 ಗಂಟೆ ವಿಮಾನ ಹತ್ತಬಾರದು, 24 ಆದರೆ ಇನ್ನೂ ಒಳ್ಳೆಯದು. ಮೈಯಲ್ಲಿ ಉಳಿದ ಸಾರಜನಕ ಮೇಲೆ ಹೋದಾಗ ಗುಳ್ಳೆಯಾಗಿ ಕೀಲು, ಬೆನ್ನುಹುರಿಗೆ ತೊಂದರೆ ಕೊಡಬಹುದು. ಟಿಕೆಟ್ ಬದಲಿಸಲು ದುಡ್ಡು ಹೋಯಿತು, ಹೋಗಲಿ. ಅದೇ ದಿನ ಡೈವಿಂಗ್ ವಿಮೆಯನ್ನೂ ಮಾಡಿಸಿದೆವು. ಮಾಮೂಲಿ ಪ್ರಯಾಣದ ವಿಮೆಯಲ್ಲಿ ಡೈವಿಂಗ್ ಎಷ್ಟೋ ಸಲ ಸೇರಿರುವುದೇ ಇಲ್ಲ. ಆಸ್ಪತ್ರೆ ಒಂದು ರಾತ್ರಿಯ ದಾರಿಯಷ್ಟು ದೂರ ಇರುವ ಜಾಗಕ್ಕೆ ಅದಿಲ್ಲದೆ ಹೋಗಬೇಡಿ.

ಮನಿಲಾ ದಾಟಿ ಪ್ವೆರ್ಟೊ ಪ್ರಿನ್ಸೆಸಾ ತಲುಪಿದ್ದು ಬೋಟ್ ಹೊರಡುವ ಒಂದು ದಿನ ಮೊದಲು. ಮರುದಿನ ಸಂಜೆ ಬೋಟ್ ಹೊರಟಿತು, ರಾತ್ರಿಯಿಡೀ ಹೋಯಿತು. ವಾಂತಿಯ ಮಾತ್ರೆ ತೆಗೆದುಕೊಂಡು ಮಲಗಿದೆ. ಬೆಳಿಗ್ಗೆ ಎದ್ದು ಮೇಲೆ ಬಂದರೆ ಸುತ್ತ ಎಲ್ಲೂ ನೆಲವಿಲ್ಲ. ಗಾಢ ನೀಲಿಯ ನಡುವೆ ಒಂದು ಕಡೆ ಮಾತ್ರ ತಿಳಿ ಹಸಿರಿನ ಪಟ್ಟಿ. ಅದೇ ಹವಳದ ಉಂಗುರ.

ಇನ್ನು ಆ ದೋಣಿಯ ಅಂಚು. ಗೈಡ್ "ಒಂದು" ಅಂದ. ಬಿದ್ದೆ.

ಗುಳ್ಳೆಗಳು ತಿಳಿಯಾದ ಮೇಲೆ ಕಂಡದ್ದು ಒಂದು ಗೋಡೆ. ಮೇಲ್ಗಡೆ ಹವಳದ ಹಾಸು ಬಿಸಿಲಿಗೆ ಹೊಳೆಯುತ್ತಿತ್ತು. ಅದರ ಅಂಚು ದಾಟಿದರೆ ನೇರ ಕೆಳಕ್ಕೆ, ಸುಮಾರು 100 ಮೀಟರ್. ಎಲ್ಲಿ ಮುಗಿಯುತ್ತದೆ ಅಂತ ಕಾಣುವುದಿಲ್ಲ, ನೀಲಿ ಕಪ್ಪಾಗುತ್ತಾ ಹೋಗುತ್ತದೆ ಅಷ್ಟೇ. ನಮ್ಮ ಕರಾವಳಿಯಲ್ಲಿ ಕಡಲು ಇಳಿಜಾರಾಗಿ ಮೆಲ್ಲಗೆ ಆಳವಾಗುತ್ತದೆ, ಕಾಲಿಗೆ ಮರಳು ಸಿಗುತ್ತದೆ. ಇಲ್ಲಿ ಕಾಲ ಕೆಳಗೆ ಏನೂ ಇಲ್ಲ. ಗೋಡೆಯುದ್ದಕ್ಕೂ ಬೀಸಣಿಗೆಯ ಹಾಗೆ ಹರಡಿದ ಹವಳಗಳು, ಕೆಲವು ನನಗಿಂತ ಅಗಲ. ಸೆಳೆತ ಮೆಲ್ಲಗೆ ಕರೆದುಕೊಂಡು ಹೋಗುತ್ತಿತ್ತು. ಈಜಬೇಕಾಗಿಯೇ ಇರಲಿಲ್ಲ. ಉಸಿರಾಡುತ್ತಾ ನೋಡುತ್ತಾ ಇದ್ದರೆ ಸಾಕು.

ಎರಡನೆಯ ದಿನ ಶಾರ್ಕ್ ಏರ್‌ಪೋರ್ಟ್. ಹೆಸರು ಯಾಕೆ ಬಂತು ಅಂತ ನೋಡಿದ ಕೂಡಲೇ ತಿಳಿಯಿತು. ಮರಳಿನ ತಟ್ಟಿನ ಮೇಲೆ ರೆಕ್ಕೆಯ ತುದಿ ಬೆಳ್ಳಗಿರುವ ಶಾರ್ಕ್‌ಗಳು ಸಾಲಾಗಿ ಮಲಗಿದ್ದವು. ನಾವು ಹತ್ತಿರವಾದಾಗ ಒಂದೊಂದಾಗಿ ಎದ್ದು, ನಿಧಾನವಾಗಿ ನೀಲಿಗೆ ಹಾರಿಹೋದವು. ಚಿಕ್ಕವಳಿದ್ದಾಗ ನಾನು ಶಾರ್ಕ್ ಕಂಡಿದ್ದು ಮೀನು ಮಾರ್ಕೆಟ್ಟಿನ ಸಿಮೆಂಟ್ ನೆಲದ ಮೇಲೆ, ತೊರಕೆ ಮೀನಿನ ಪಕ್ಕದಲ್ಲಿ. ಬದುಕಿರುವ ಶಾರ್ಕಿನ ಕಣ್ಣು ಅಷ್ಟು ಶಾಂತವಾಗಿರುತ್ತದೆ ಅಂತ ಗೊತ್ತಿರಲಿಲ್ಲ. ಮಾಸ್ಕಿನೊಳಗೆ ಕಣ್ಣು ತುಂಬಿತು.

ಇಷ್ಟೆಲ್ಲ ಉಳಿದಿರುವುದು ತಾನಾಗಿ ಅಲ್ಲ. 1988ರಲ್ಲಿ ಇದನ್ನು ರಾಷ್ಟ್ರೀಯ ಉದ್ಯಾನ ಮಾಡಿದರು, 1993ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಸುಮಾರು 97,000 ಹೆಕ್ಟೇರ್ ಕಡಲಿನಲ್ಲಿ ಮೀನು ಹಿಡಿಯುವ ಹಾಗಿಲ್ಲ. ಮರಳುದಿಬ್ಬದ ಬಳಿ ಕಂಬಗಳ ಮೇಲೆ ನಿಂತ ಒಂದು ಮನೆಯಿದೆ. ಅಲ್ಲಿ ಕೆಲವೇ ರೇಂಜರುಗಳು ವರ್ಷವಿಡೀ, ಗಾಳಿಮಳೆಯಲ್ಲೂ, ತಿಂಗಳುಗಟ್ಟಲೆ ಸರದಿಯ ಮೇಲೆ ಕಾಯುತ್ತಾರೆ. 2013ರ ಜನವರಿಯಲ್ಲಿ ಅಮೆರಿಕದ ನೌಕಾಪಡೆಯ ಗಾರ್ಡಿಯನ್ ಹಡಗು ದಕ್ಷಿಣದ ಹವಳಕ್ಕೆ ಬಂದು ಸಿಕ್ಕಿಕೊಂಡಿತು. ಎಳೆದರೆ ಇನ್ನಷ್ಟು ಹಾಳಾಗುತ್ತದೆಂದು ಅಲ್ಲೇ ತುಂಡು ತುಂಡಾಗಿ ಬಿಚ್ಚಿ ಸಾಗಿಸಿದರು. 2,000 ಚದರ ಮೀಟರಿಗಿಂತ ಜಾಸ್ತಿ ಹವಳ ನಾಶವಾಯಿತು.

ನಮ್ಮ ಬೋಟಿನಿಂದ ರೇಂಜರುಗಳಿಗೆ ತರಕಾರಿ, ಹಣ್ಣು ಕೊಟ್ಟೆವು. ಮಾವಿನಹಣ್ಣನ್ನು ಕೈಗೆ ತೆಗೆದುಕೊಂಡ ಒಬ್ಬ ಹುಡುಗ ಮೊದಲು ಮೂಸಿ ನೋಡಿದ. ಊರು ಬಿಟ್ಟು ಎಷ್ಟು ದಿನವಾಯಿತು ಅಂತ ಕೇಳಿದೆ. ಎರಡು ಬೆರಳು ತೋರಿಸಿದ. ಎರಡು ತಿಂಗಳು. ಬೆನ್ನು ಹಾಕಲು ಅವನಿಗೆ ಕಡಲು ಬಿಟ್ಟರೆ ಬೇರೆ ದಿಕ್ಕೇ ಇಲ್ಲ.

ತಿಮಿಂಗಿಲ ಶಾರ್ಕ್ ನಮಗೆ ಕಾಣಲಿಲ್ಲ. ನಮ್ಮದೇ ಬೋಟಿನ ಇನ್ನೊಂದು ಗುಂಪಿಗೆ ಕಂಡಿತು. ನಾಲ್ಕನೆಯ ದಿನ ಶೀತವಾಗಿ ಕಿವಿಯ ಒತ್ತಡ ಬಿಡಲಿಲ್ಲ, ಎರಡು ಡೈವ್ ಬಿಟ್ಟು ಮೇಲೆಯೇ ಕೂತು ಕಡಲುಹಕ್ಕಿಗಳನ್ನು ನೋಡಿದೆ.

ವಾಪಸು ಬಂದ ಬೆಳಿಗ್ಗೆ ದಡ ಕಾಣುವ ಮೊದಲೇ ಫೋನಿಗೆ ಸಿಗ್ನಲ್ ಬಂತು. ಅಮ್ಮನಿಗೆ ಮಾಡಿದೆ. ಉಂಡ್ಯಾ, ಮಲಗಿದ್ಯಾ, ಕಿವಿ ಹೇಗಿದೆ, ಎಲ್ಲ ಕೇಳಿದಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ತಳ ಕಂಡ್ತಾ?" ಅಂದಳು.

"ಇಲ್ಲ ಅಮ್ಮ," ಅಂದೆ. "ಕಾಣಲಿಲ್ಲ."