ಅಮಾಸಿ ದಿನ ಎಲುಬಿನ ದಂಡು

ಕೊಪ್ಪಳ, 25 ಜೂನ್ 2025, ಬುಧವಾರ
ಮಣ್ಣೆತ್ತಿನ ಅಮಾವಾಸ್ಯೆ

ಬೆಳಗ್ಗೆ ಎದ್ದಾಗ ಮನೆಯಲ್ಲಿ ಎರಡು ವಾಸನೆ. ಅಡುಗೆಮನೆಯಿಂದ ಹೋಳಿಗೆಗೆ ಬೇಯುತ್ತಿದ್ದ ಕಡಲೆಬೇಳೆಯದ್ದು, ಬಚ್ಚಲ ಕಡೆಯಿಂದ ಡೆಟಾಲ್‌ದು. ಅವ್ವ ಎರಡನೆಯದರ ಜಾಡು ಹಿಡಿದು ನನ್ನ ಹಾಸಿಗೆ ತನಕ ಬಂದಳು.

"ಬಚ್ಚಲದಾಗ ಉಪ್ಪಿನಕಾಯಿ ಭರಣಿಯೊಳಗ ಏನ್ ಹಾಕಿಯಪಾ? ಸಣ್ಣ ಸಣ್ಣ ಹೆಣ ತೇಲಿದಂಗ ಕಾಣತಾವು."

"ಹೆಣ ಅಲ್ಲಬೇ ಅವ್ವಾ, ಗೊಂಬಿ. ಹಳೇ ಬಣ್ಣ ಬಿಡ್ಲಿ ಅಂತ ನೆನಿ ಹಾಕೀನಿ."

"ಇವತ್ತು ಅಮಾಸಿ ಐತಿ. ಎಲುಬು, ತಲಿಬುರುಡಿ ಅಂತ ಮನ್ಯಾಗ ಹರವಿಕೊಂಡು ಕುಂತಿ ಅಂದ್ರ ನೋಡು."

ಅವು ತೇಲುವುದಿಲ್ಲ, ಮುಳುಗುತ್ತವೆ, ಲೋಹದವು. ಆದರೆ ಅಮಾವಾಸ್ಯೆಯ ಬೆಳಗ್ಗೆ ಅವ್ವನ ಜೊತೆ ಅಂಥ ವಾದ ಮಾಡಬಾರದು. ಭರಣಿಯೂ ಅವಳದೇ ಅಲ್ವಾ.

ಹೊಸದಾಗಿ ಓದುವವರಿಗೆ ಒಂದು ಮಾತು. ನಾನು ಹಲ್ಲಿನ ಸೆಟ್ ಕಟ್ಟುವ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಹಗಲೆಲ್ಲ ಜನರ ಹಲ್ಲು. ರಾತ್ರಿ ಊಟವಾದ ಮೇಲೆ ಅದೇ ಕನ್ನಡಕ, ಅದೇ ಸಣ್ಣ ಉಪಕರಣ ಇಟ್ಟುಕೊಂಡು ಹೆಬ್ಬೆರಳಿನ ಒಂದು ಗೆಣ್ಣಿನಷ್ಟು ಎತ್ತರದ ಎಲುಬಿನ ಸೈನಿಕರಿಗೆ ಬಣ್ಣ ಹಚ್ಚುತ್ತೇನೆ. ವಾರ್‌ಹ್ಯಾಮರ್ ಅನ್ನುವ ಮೇಜಿನ ಮೇಲಿನ ಯುದ್ಧದ ಆಟ ಇದೆ. ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಕಂಪನಿಯದ್ದು, ಮೊದಲು ಬಂದದ್ದು 1983ರಲ್ಲಿ. ಅದರಲ್ಲಿ ಒಬ್ಬೊಬ್ಬರು ಒಂದೊಂದು ದಂಡು ಕಟ್ಟಬೇಕು. ನನ್ನದು ಸತ್ತೂ ಸಾಯದವರ ದಂಡು. ಅಸ್ಥಿಪಂಜರ, ಕೊಳೆತ ಹೆಣ, ಪ್ರೇತ, ಇವರನ್ನೆಲ್ಲ ಗೋರಿಯಿಂದ ಎಬ್ಬಿಸುವ ಒಬ್ಬ ಮಾಂತ್ರಿಕ.

ಆ ಮಾಂತ್ರಿಕನೇ ನನ್ನ ತಲೆನೋವು. ಅವನು ಸತ್ತರೆ ದಂಡು ಅಲ್ಲಲ್ಲೇ ಪುಡಿಪುಡಿಯಾಗುತ್ತಾ ಹೋಗುತ್ತದೆ. ಬೇರೆ ದಂಡುಗಳು ಹೆದರಿ ಓಡುತ್ತವೆ. ನಮ್ಮವರು ಓಡುವವರಲ್ಲ, ನಿಂತಲ್ಲೇ ಉದುರುವವರು. ಹೊಸಪೇಟೆಯ ಗೆಳೆಯನ ಹತ್ತಿರ ಕುಳ್ಳರ ದಂಡಿದೆ, ಗಡ್ಡ, ಕೊಡಲಿ, ತೋಪು ಎಲ್ಲ ಇರುವ ಕುಳ್ಳರು. ಅವನು ಮೊದಲ ಸರದಿಯಿಂದಲೇ ತೋಪನ್ನು ನನ್ನ ಮಾಂತ್ರಿಕನ ಕಡೆ ತಿರುಗಿಸಿರುತ್ತಾನೆ. ನನ್ನ ಎಲುಬಿನವರೋ ಒಂದು ಸರದಿಗೆ ನಾಲ್ಕು ಇಂಚು ನಡೆಯುತ್ತಾರೆ. ಮಾಂತ್ರಿಕ ಹತ್ತಿರವಿಲ್ಲದಿದ್ದರೆ ಬಿರುಸಾಗಿ ನಡೆಯಲಿಕ್ಕೂ ಬರುವುದಿಲ್ಲ. ಸೋಲು ಜಾಸ್ತಿ. ನಾನು ಈ ಆಟಕ್ಕೆ ಬಂದದ್ದು ಗೆಲ್ಲಲಿಕ್ಕೆ ಅಲ್ಲ ಬಿಡಿ, ಬಣ್ಣ ಹಚ್ಚಲಿಕ್ಕೆ.

ಈಗ ಭರಣಿಯಲ್ಲಿರುವವರ ವಿಷಯ. ಇಂಗ್ಲೆಂಡಿನಲ್ಲಿರುವ ಗೆಳೆಯ ರಜೆಗೆ ಬರುವಾಗ ಸೆಕೆಂಡ್ ಹ್ಯಾಂಡ್ ಗೊಂಬೆಗಳ ಒಂದು ಗಂಟು ತಂದುಕೊಟ್ಟ. ಒಟ್ಟು 43. ಕಾಲುಚೀಲದೊಳಗೆ ತುಂಬಿ, ಚೀಲದ ಬಾಯಿಗೆ ರಬ್ಬರ್ ಹಾಕಿ, ಬಟ್ಟೆಗಳ ನಡುವೆ ಇಟ್ಟಿದ್ದ. ಬಹಳಷ್ಟು ಸಿಟಾಡೆಲ್‌ನವು, ಅಂದರೆ ಅದೇ ಗೇಮ್ಸ್ ವರ್ಕ್‌ಶಾಪ್‌ನವರ ಗೊಂಬೆಗಳು, 80ರ ದಶಕದವು. ಗೊಂಬೆಯ ಪಾದದ ಕೆಳಗೆ ಒಂದು ಪಟ್ಟಿ ಇರುತ್ತದೆ, ಅದನ್ನು ಪ್ಲಾಸ್ಟಿಕ್ ಚೌಕದ ಸೀಳಿನೊಳಗೆ ಕೂರಿಸಬೇಕು. ಆ ಪಟ್ಟಿಯ ಮೇಲೆ ಕಂಪನಿಯ ಹೆಸರು, ಇಸವಿ ಎರಕದಲ್ಲೇ ಮೂಡಿರುತ್ತದೆ. ಒಂದರ ಮೇಲೆ 1987 ಅಂತಿತ್ತು. ನಾನು ಹುಟ್ಟಿದ ವರ್ಷ. ಒಂದೇ ವಯಸ್ಸಿನವರು ಅಂತ ಅವನಿಗೆ ಸ್ವಲ್ಪ ಮರ್ಯಾದೆ ಜಾಸ್ತಿ ಕೊಟ್ಟಿದ್ದೇನೆ.

ಗಂಟಿನಲ್ಲಿ ಒಂದು ರಥವೂ ಇತ್ತು. ಎರಡು ಎಲುಬಿನ ಕುದುರೆ ಎಳೆಯುವ ರಥ. ಚಕ್ರ ಎರಡೂ ಇವೆ, ಈಟಿ ಹಿಡಿದವನಿದ್ದಾನೆ, ಸಾರಥಿ ಇದ್ದಾನೆ. ಕುದುರೆ ಮಾತ್ರ ಒಂದೇ. ಆರೂ ಕಾಲುಚೀಲ ತಿರುವಿ ಜಾಡಿಸಿದೆ. ಇಲ್ಲ.

ಹಳೆಯದೇ ಯಾಕೆ ಬೇಕು, ಹೊಸದು ಸಿಗುವುದಿಲ್ಲವಾ ಅಂತ ಲ್ಯಾಬಿನವರೂ ಕೇಳುತ್ತಾರೆ. ಸಿಗುತ್ತದೆ. ಹೊಸವು ಕಂಪ್ಯೂಟರಿನಲ್ಲಿ ತಯಾರಾಗುತ್ತವೆ, ಒಂದೊಂದು ಪಕ್ಕೆಲುಬೂ ಅಳತೆಗೆ ಸರಿಯಾಗಿರುತ್ತದೆ, ಹರಿದ ಬಟ್ಟೆ ಗಾಳಿಗೆ ಹಾರುತ್ತಿರುತ್ತದೆ. ನೋಡಿದರೆ ಭಯವಾಗಬೇಕು ಅಂತ ಮಾಡಿದ್ದು, ಆದರೆ ನನಗೆ ಆಗುವುದು ಬೇಸರ. ಹಳೆಯವನ್ನು ಯಾರೋ ಕೂತು ಪುಟ್ಟಿಯನ್ನು ಕೈಯಲ್ಲಿ ತಿದ್ದಿ ಮಾಡಿದ್ದಾರೆ. ಹಸ್ತ ದೊಡ್ಡದು, ತಲೆ ಇನ್ನೂ ದೊಡ್ಡದು, ಎಡಗಣ್ಣಿನ ತೂತು ಬಲಗಣ್ಣಿಗಿಂತ ಒಂಚೂರು ಮೇಲೆ. ಮತ್ತೆ ಎಲ್ಲರೂ ನಗುತ್ತಿರುತ್ತಾರೆ. ದಿನವಿಡೀ ಬಾಯಿ ನೋಡುವ ಕೆಲಸದವನು ಹೇಳುತ್ತಿದ್ದೇನೆ, ಅದು ಸುಮ್ನೆ ಹಲ್ಲು ಕಾಣುವುದಲ್ಲ, ನಗು. ಸತ್ತದ್ದರ ಬಗ್ಗೆ ಅವರಿಗೆ ಏನೂ ಬೇಜಾರಿಲ್ಲ.

ಡೆಟಾಲ್ ಯಾಕೆ ಅಂದರೆ, ಹಳೆಯ ಒಡೆಯರು ಹಚ್ಚಿದ ಬಣ್ಣ ಮೂರು ನಾಲ್ಕು ಪದರ ಇರುತ್ತದೆ. ಅದು ಹೋಗದೆ ಹೊಸದು ಹಚ್ಚಿದರೆ ಪಕ್ಕೆಲುಬುಗಳ ನಡುವಿನ ಸಂದೇ ಮುಚ್ಚಿಹೋಗುತ್ತದೆ. ನೀರು ಬೆರೆಸದ ಡೆಟಾಲಿನಲ್ಲಿ ಒಂದು ರಾತ್ರಿ ನೆನೆಸಿ, ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿದರೆ ಬಣ್ಣ ಕೆಸರಿನ ಹಾಗೆ ಬಿಡುತ್ತದೆ. ಉಜ್ಜುವಾಗಲೂ ಡೆಟಾಲ್ ಇರಬೇಕು, ಆ ಕೆಸರಿಗೆ ನೀರು ತಾಗಬಾರದು. ತಾಗಿತೋ, ಅಂಟು ಅಂಟಾಗಿ ಹಲಸಿನ ಮೇಣದ ಹಾಗೆ ಕೈಗೂ ಗೊಂಬೆಗೂ ಹತ್ತಿಕೊಳ್ಳುತ್ತದೆ. ಮೊದಲ ಸಲ ಗೊತ್ತಿಲ್ಲದೆ ನಳದ ಕೆಳಗೆ ಹಿಡಿದಿದ್ದೆ. ಬಚ್ಚಲ ಕಲ್ಲಿನ ಮೇಲೆ ಆ ಕಲೆ ಇನ್ನೂ ಇದೆ, ಅವ್ವ ಅದನ್ನು ಬಂದವರಿಗೆಲ್ಲ ತೋರಿಸುತ್ತಾಳೆ.

ಇನ್ನೊಂದು ವಿಷಯ. ಈ ಹಳೆಯ ಗೊಂಬೆಗಳಲ್ಲಿ ಸೀಸ ಇದೆ. ಕಂಪನಿಯವರು ಸೀಸ ಬಿಟ್ಟದ್ದು 1997ರಲ್ಲಿ. ಹಾಗಾಗಿ ಉಜ್ಜಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು. ಬ್ರಷ್ಷಿನ ತುದಿಯನ್ನು ತುಟಿಗೆ ಒತ್ತಿ ಚೂಪು ಮಾಡುವ ಚಟವನ್ನೂ ಬಿಡಬೇಕು. ನಾನು ಮುಕ್ಕಾಲು ಪಾಲು ಬಿಟ್ಟಿದ್ದೇನೆ.

ಗಂಟಿನಲ್ಲಿದ್ದ ಒಂದು ಗುರಾಣಿಯನ್ನು ಮಾತ್ರ ಭರಣಿಗೆ ಹಾಕಲಿಲ್ಲ. ಅದರ ಮೇಲೆ ಯಾರೋ ಒಂದು ಜೇಡ ಬರೆದಿದ್ದಾರೆ. ಎಡಗಡೆ ನಾಲ್ಕು ಕಾಲು, ಬಲಗಡೆ ಐದು. ಲೆಕ್ಕ ತಪ್ಪಿದ್ದು ನೋಡಿದರೆ ಮಗುವೇ ಇರಬೇಕು. ಈಗ ಆ ಮಗುವಿಗೆ ನನಗಿಂತ ಜಾಸ್ತಿ ವಯಸ್ಸಾಗಿರುತ್ತದೆ. ಹಾಗೇ ಇರಲಿ ಅಂತ ಬಿಟ್ಟೆ.

ಎಲುಬಿನ ಬಣ್ಣದಲ್ಲಿ ನಾನು ಸ್ವಲ್ಪ ಜಂಬ ಕೊಚ್ಚಿಕೊಳ್ಳಬಹುದು. ಬಹಳ ಜನ ಎಲುಬು ಅಂದರೆ ಬಿಳಿ ಅಂದುಕೊಂಡು ಸುಣ್ಣ ಬಳಿದ ಹಾಗೆ ಬಳಿಯುತ್ತಾರೆ. ನಮ್ಮ ಲ್ಯಾಬಿನಲ್ಲಿ ಹಲ್ಲಿನ ಬಣ್ಣ ಹೊಂದಿಸಲಿಕ್ಕೆ ವೀಟಾ ಪಟ್ಟಿ ಇದೆ, ಎ1ರಿಂದ ಡಿ4ರ ತನಕ 16 ಬಣ್ಣ. ಒಂದೂ ಬಿಳಿ ಅಲ್ಲ. ಹಳದಿ, ಕಂದು, ಬೂದಿ, ಎಲ್ಲ ಒಂದೊಂದು ಚಿಟಿಕೆ. ನನ್ನ ಸೈನಿಕರಿಗೆ ನಾನು ಎ3.5ರ ಅಂದಾಜು ಇಟ್ಟುಕೊಳ್ಳುತ್ತೇನೆ, ಅಂದರೆ ಅರವತ್ತು ದಾಟಿದ, ಚಹಾ ಬಿಡದ ಮನುಷ್ಯನ ಹಲ್ಲು. ಮೊದಲು ಕಪ್ಪು ಅಸ್ತರಿ. ಅದರ ಮೇಲೆ ಮಣ್ಣಿನ ಬಣ್ಣ. ಆಮೇಲೆ ಕಂದು ಬಣ್ಣವನ್ನು ಚಹಾದಷ್ಟು ತೆಳ್ಳಗೆ ಮಾಡಿ ಸುರಿದರೆ ಸಂದುಗಳಲ್ಲಿ ತಾನೇ ಇಳಿದು ಕೂರುತ್ತದೆ. ಒಣಗಿದ ಮೇಲೆ ಬ್ರಷ್ಷಿನ ಬಣ್ಣವನ್ನೆಲ್ಲ ಬಟ್ಟೆಗೆ ಒರೆಸಿ, ಉಳಿದ ಒಣ ಬಣ್ಣವನ್ನು ಮೇಲೆ ಮೇಲೆ ಸವರುವುದು. ಗೆಣ್ಣು, ದವಡೆ, ಮೊಣಕಾಲಿನ ಚಿಪ್ಪು, ಎಲ್ಲ ಆಗ ಒಮ್ಮೆಗೇ ಎದ್ದು ಕಾಣುತ್ತವೆ. ಎಷ್ಟು ಸಲ ಮಾಡಿದರೂ ಆ ಒಂದು ಕ್ಷಣಕ್ಕೆ ನನಗೆ ಕೈ ಬಡಿಯಬೇಕು ಅನ್ನಿಸುತ್ತದೆ.

ಕಪ್ಪು ಅಸ್ತರಿಯನ್ನು ಸ್ಪ್ರೇ ಡಬ್ಬಿಯಿಂದ ಹೊಡೆದರೆ ಬೇಗ ಮುಗಿಯುತ್ತದೆ, ಆದರೆ ನಮ್ಮೂರಿನಲ್ಲಿ ಅದಕ್ಕೆ ಕಾಲವೇ ಇಲ್ಲ. ಏಪ್ರಿಲ್, ಮೇ ಬಿಸಿಲಲ್ಲಿ ಬಣ್ಣ ಗಾಳಿಯಲ್ಲೇ ಒಣಗಿ ಗೊಂಬೆಯ ಮೇಲೆ ಪುಡಿಯಾಗಿ ಬೀಳುತ್ತದೆ, ಮರಳು ಕಾಗದದ ಹಾಗೆ. ಈಗ ಜೂನ್ ಬಂತು ಅಂದರೆ ಗಾಳಿ. ಹೋದ ವಾರ ಮಾಳಿಗೆ ಮೇಲೆ ಹೊಡೆಯಲು ಹೋಗಿ ಪಕ್ಕದ ಮನೆಯ ಬಿಳಿ ಲುಂಗಿಗೆ ಅಸ್ತರಿ ಹಚ್ಚಿದೆ. ಈಗ ಬ್ರಷ್ಷೇ ಗತಿ.

ಕಿನ್ನಾಳದ ಚಿತ್ರಗಾರರೊಬ್ಬರಿಗೆ ಒಮ್ಮೆ ನನ್ನ ನಾಲ್ಕು ಗೊಂಬೆ ತೋರಿಸಿದ್ದೆ. ಮರದ ಮೈಗೆ ಹುಣಸೆ ಬೀಜದ ಅಂಟು ಹಾಕಿ, ಹದ ಮಾಡಿ, ಆಮೇಲೆ ಬಣ್ಣಕ್ಕೆ ಬರುವವರು ಅವರು. ಅಂಗೈಯಲ್ಲಿಟ್ಟು ಬಹಳ ಹೊತ್ತು ತಿರುಗಿಸಿ ನೋಡಿದರು. "ಕೈ ಛಲೋ ಐತಿ. ಆದ್ರ ಇವಕ್ಕ ಕಣ್ಣು ಬರಿಯೋದ ಇಲ್ಲಲ್ಲ, ನೀವು ಆರಾಮ ಬಿಡ್ರಿ" ಅಂದರು. ಅದು ಹೊಗಳಿಕೆಯಾ ಅಂತ ಕೊಪ್ಪಳ ಮುಟ್ಟುವ ತನಕ ಯೋಚನೆ ಮಾಡಿದೆ.

ಮಧ್ಯಾಹ್ನ ಅಕ್ಕ ಬಂದಳು, ಜೊತೆಗೆ ಅವಳ ಎಂಟು ವರ್ಷದ ಮಗ. ಅವ್ವ ಎರೆಮಣ್ಣು ನೆನೆಸಿ, ನಾದಿ, ತಾಟಿನಲ್ಲಿ ಇಟ್ಟುಕೊಂಡು ಕೂತಿದ್ದಳು. ಎತ್ತು ಕುಂಬಾರರ ಹತ್ತಿರ ಸಿಗುತ್ತವೆ, ಆದರೆ ಅವ್ವ ಮನೆಯಲ್ಲೇ ಮಾಡುವವಳು. "ಹಲ್ಲು ಮಾಡಾವ ಅಲ್ಲೇನು, ಬಾ, ಕೋಡು ಮಾಡು" ಅಂತ ನನ್ನನ್ನೂ ಕೂರಿಸಿದಳು. ನಾನು ಮೇಣ ಕೆತ್ತುವ ಉಪಕರಣ ತಂದು, ಕೋಡಿಗೆ ಸರಿಯಾದ ಬಾಗು ಬರಲಿ ಅಂತ ಕೆರೆಯುತ್ತಾ ಕೂತೆ. ಒಂದು ಜೋಡಿ ಕೋಡಿಗೆ ಇಪ್ಪತ್ತು ನಿಮಿಷ. ಅಷ್ಟರಲ್ಲಿ ಅವ್ವ ಒಂದು ಪೂರ್ತಿ ಎತ್ತು, ಇನ್ನೊಂದರ ಮೈ, ಮೇವು ಹಾಕುವ ಗ್ವಾದಲಿ, ಎಲ್ಲ ಮುಗಿಸಿದ್ದಳು. ಹೆಬ್ಬೆರಳಿಂದ ಒಮ್ಮೆ ಒತ್ತಿದರೆ ಹೆಗಲು, ಚಿವುಟಿ ಎಳೆದರೆ ಇಣಿ. ಬೆರಳಿನ ಗೆರೆ ಮೈ ಮೇಲೆ ಹಾಗೇ ಉಳಿದಿತ್ತು. ಕಣ್ಣಿಗೆ ಗುಲಗಂಜಿ ಒತ್ತಿದಳು. ಎತ್ತು ನೋಡತೊಡಗಿತು. ನನ್ನ ಕೋಡು ಹಚ್ಚಿದ ಎತ್ತು ಸ್ವಲ್ಪ ಎಮ್ಮೆಯ ಹಾಗೆ ಕಂಡಿತು ಅಂತ ಅಕ್ಕನ ಅಭಿಪ್ರಾಯ.

ಹುಡುಗ ಮಣ್ಣು ಬಿಟ್ಟು ನನ್ನ ಟೇಬಲ್ಲಿನ ಹತ್ತಿರ ಹೋಗಿದ್ದ. ಅಲ್ಲಿ ಚಪ್ಪಡಿ ಕಲ್ಲಿನ ಗೋರಿ ಮನೆಗಳಿವೆ, ಗ್ರಾನೈಟ್ ಅಂಗಡಿಯಿಂದ ತಂದ ಚೂರಿನಲ್ಲಿ ನಾನೇ ಕಟ್ಟಿದ್ದು. ಹಿರೇಬೆಣಕಲ್ ಗುಡ್ಡದ ಮೇಲಿನ ಬೃಹತ್ ಶಿಲಾಯುಗದ ಗೋರಿಗಳ ನಮೂನೆ. ನಿಲ್ಲಿಸಿದ ಚಪ್ಪಡಿಗಳು, ಮೇಲೊಂದು ಹಾಸು, ಎದುರಿನ ಕಲ್ಲಿಗೆ ದುಂಡಗೆ ಒಂದು ಕಿಂಡಿ. ಅಲ್ಲಿ ಗೋರಿ ಮತ್ತು ಬೇರೆ ರಚನೆ ಸೇರಿ ಸುಮಾರು 400 ಇವೆ. ಅವಕ್ಕೆ ಜನ ಮೋರ್ಯರ ಮನೆ ಅನ್ನುತ್ತಾರೆ, ಮೋರ್ಯರು ಅಂದರೆ ಗಿಡ್ಡ ಜನ ಅಂತ ಕಥೆ. ಹೊಸಪೇಟೆಯವನು ಇದನ್ನು ಕೇಳಿದ ದಿನದಿಂದ ಆ ಗೋರಿಗಳು ತನ್ನ ಕುಳ್ಳರಿಗೆ ಸೇರಬೇಕು ಅಂತ ಜಗಳ ತೆಗೆದಿದ್ದಾನೆ. ಮನೆ ಅಂದರೆ ಅವನದು, ಗೋರಿ ಅಂದರೆ ನನ್ನದು. ಇನ್ನೂ ತೀರ್ಮಾನ ಆಗಿಲ್ಲ.

"ಮಾಮಾ, ಇವ ಯಾಕ ಬಿದ್ದಾನ?"

ಹುಡುಗನ ಕೈಯಲ್ಲಿದ್ದವನು 1987ರವನೇ. ಎಡಗಾಲು ಹರಡಿನ ಹತ್ತಿರ ಮುರಿದಿದೆ. ಈ ಲೋಹ ಮೆತ್ತಗೆ, ಬಾಗಿದರೆ ಒಂದು ಸಲ ನೆಟ್ಟಗೆ ಮಾಡಬಹುದು, ಎರಡನೇ ಸಲಕ್ಕೆ ತುಂಡು. ವಕ್ರ ಹಲ್ಲಿಗೆ ಕಟ್ಟುವ ತಂತಿಯ ಒಂದು ಚೂರು ಇಟ್ಟು, ಕಾಲಿನೊಳಗೆ ತೂತು ಕೊರೆದು ಫೆವಿಕ್ವಿಕ್ ಹಾಕಬೇಕು ಅಂತಿದ್ದೆ. ಪಾದ ಕಳೆದುಹೋಗಿದೆ, ಅದನ್ನು ಎಮ್‌ಸೀಲ್‌ನಲ್ಲಿ ಹೊಸದಾಗಿ ಮಾಡಬೇಕು. ಇಷ್ಟೆಲ್ಲ ಹುಡುಗನಿಗೆ ವಿವರಿಸಿದೆ.

"ಬ್ಯಾಡ ಮಾಮಾ. ಕುಂಟ ಇರ್ಲಿ. ನಾಳೆ ನಾವು ಕುಂಟೆತ್ತು ಒಯ್ಯತೀವಲ್ಲ, ಇವನ್ನೂ ಒಯ್ಯತೀನಿ."

ಅಮಾವಾಸ್ಯೆಯ ಮರುದಿನ ಹುಡುಗರು ಒಂದು ಕಾಲು ಮುರಿದ ಮಣ್ಣೆತ್ತನ್ನು ಹಿಡಿದುಕೊಂಡು ಮನೆ ಮನೆಗೆ ಹೋಗುತ್ತಾರೆ. ಕುಂಟೆತ್ತು ಬಂದಿದೆ, ಜೋಳ ನೀಡಿರಿ ಅಂತ. ನಾನೂ ಹೋಗುತ್ತಿದ್ದೆ. ಎತ್ತು ಗಟ್ಟಿಮುಟ್ಟಾಗಿದ್ದರೆ ನಾವೇ ಕಾಲು ಮುರಿಯುತ್ತಿದ್ದೆವು, ನೆಟ್ಟಗಿರುವ ಎತ್ತಿಗೆ ಯಾರು ಜೋಳ ಹಾಕುತ್ತಾರೆ. ಸರಿ, ಪಾದ ಮಾಡುವುದು ಬೇಡ, ಮುರಿದ ತುದಿಯನ್ನೇ ಚೌಕಕ್ಕೆ ಅಂಟಿಸಿ ಈಟಿಯ ಮೇಲೆ ಭಾರ ಹಾಕಿ ನಿಂತ ಹಾಗೆ ಮಾಡಿಕೊಡುತ್ತೇನೆ ಅಂದೆ. ಆದರೆ ಜೋಳ ಬೇಡಲಿಕ್ಕೆ ಕೊಡುವುದಿಲ್ಲ, ಸೀಸ ಇದೆ, ಕೈ ಬಾಯಿಗೆ ಹೋಗುತ್ತದೆ ಅಂದೆ. ಅವನು ಮುಖ ಊದಿಸಿಕೊಂಡು ಸೋಪು ಹಚ್ಚಿ ಕೈ ತೊಳೆದ.

ಸಂಜೆ ಪೂಜೆಯಾಯಿತು, ಹೋಳಿಗೆಯೂ ಆಯಿತು. ನಾನು ನಾಲ್ಕು ತಿಂದೆ, ಐದನೆಯದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಲ್ಯಾಬಿಗೆ ಅರ್ಧ ದಿನ ರಜೆ ಇದ್ದದ್ದು ಇದಕ್ಕೇ ಸರಿಹೋಯಿತು, ಭರಣಿಯವರನ್ನು ಉಜ್ಜಿ ಮುಗಿಸಿದ್ದು ಹದಿನಾಲ್ಕೇ.

ಮಲಗುವ ಮುಂಚೆ ರಥದ ಕುದುರೆಗೆ ಏನಾದರೂ ದಾರಿ ನೋಡೋಣ ಅಂತ ಟೇಬಲ್ಲಿಗೆ ಬಂದೆ. ಲ್ಯಾಬಿನ ಮೇಣದಲ್ಲಿ ಕೆತ್ತಿ, ಅಚ್ಚು ತೆಗೆದು, ವಸಡು ಮಾಡುವ ಅಕ್ರಿಲಿಕ್ಕಿನಲ್ಲಿ ಎರಕ ಹೊಯ್ಯಬಹುದಾ ಅಂತ ಎರಡು ದಿನದಿಂದ ತಲೆಯಲ್ಲಿತ್ತು. ಗುಲಾಬಿ ಬಣ್ಣದ ಕುದುರೆ ಆಗುತ್ತದೆ, ಪರವಾಗಿಲ್ಲ, ಬಣ್ಣ ಹಚ್ಚುವುದೇ ಅಲ್ವಾ.

ನೋಡಿದರೆ ರಥದ ಮುಂದೆ ಜಾಗ ಖಾಲಿಯಿಲ್ಲ. ಎಡಗಡೆ ಎಲುಬಿನ ಕುದುರೆ, ಬಲಗಡೆ ದೇವರ ಜಗಲಿಯಿಂದ ತಂದ ಮಣ್ಣೆತ್ತು. ಹಣೆಗೆ ಕುಂಕುಮ, ಕೆಂಪು ಕಪ್ಪು ಕಣ್ಣು, ಕುದುರೆಗಿಂತ ಮೂರು ಪಟ್ಟು ದಪ್ಪ. ಹುಡುಗ ಹೊಲಿಗೆ ದಾರದಿಂದ ನೊಗಕ್ಕೆ ಕಟ್ಟಿದ್ದ. ರಥದ ಮೇಲೆ ಸಾರಥಿಯ ಪಕ್ಕ ಕುಂಟನನ್ನು ಕೂರಿಸಿದ್ದ, ಒಂಬತ್ತು ಕಾಲಿನ ಜೇಡದ ಗುರಾಣಿ ಕೊಟ್ಟು.

ಅವ್ವ ದೀಪ ಆರಿಸಲು ಬಂದವಳು ನನ್ನ ಹಿಂದೆ ನಿಂತು ನೋಡಿದಳು. ಬೆಳಗ್ಗಿನದಕ್ಕೆ ಈಗ ಬಡ್ಡಿ ಸಮೇತ ಬರುತ್ತದೆ ಅಂತ ನಾನು ಕಾದೆ. ಅವಳು ತಲೆಬುರುಡೆಗಳ ಕಡೆ ನೋಡಲೇ ಇಲ್ಲ.

"ಯಾರಲೇ ಅಮಾಸಿ ದಿನ ಎತ್ತು ಹೂಡಿದವ್ರು? ಇವತ್ತು ಎತ್ತಿಗೆ ಕೆಲಸ ಹಚ್ಚಂಗಿಲ್ಲ. ಬಿಚ್ಚು ಮೊದ್ಲ."

ಬಿಚ್ಚಿದೆ. ನಾಳೆ ಹೊತ್ತು ಹುಟ್ಟಿದ ಮೇಲೆ ಹೂಡಬಹುದಂತೆ.