ಏನೂ ಇಲ್ಲ ಸರ್

"ಆಟ ಬಿಟ್ಟು ಬೇರೆ ಏನ್ ಮಾಡಿದೀಯಪ್ಪ?"

"ಏನೂ ಇಲ್ಲ ಸರ್."

ಮಂಗಳವಾರ ಕೇಳಿದ ಮಾತು. ಇವತ್ತು ಶನಿವಾರ, ಇನ್ನೂ ಕಿವಿಯಲ್ಲೇ ಇದೆ. ಬೆಂಗಳೂರಿನ ಹಲಸೂರಿನ ಹತ್ತಿರದ ನಮ್ಮ ಸಮುದಾಯ ಭವನದಲ್ಲಿ ಬೆಳಿಗ್ಗೆ ಮಕ್ಕಳ ಫುಟ್‌ಬಾಲ್ ಬೇಸಿಗೆ ಶಿಬಿರ ನಡೆಯುತ್ತದೆ, ಮಧ್ಯಾಹ್ನ ಹತ್ತನೇ ಕ್ಲಾಸು, ಪಿಯುಸಿ ಮುಗಿಸಿದವರಿಗೆ ಕೆಲಸದ ತರಬೇತಿ. ಬಯೋಡೇಟಾ ಬರೆಯುವುದನ್ನು ಹೇಳಿಕೊಡುವವಳು ನಾನು. ಅವತ್ತು ಒಂದು ಕಂಪನಿಯವರು ಗೋದಾಮಿನ ಕೆಲಸಕ್ಕೆ ಹುಡುಗರನ್ನು ಆರಿಸಲು ಬಂದಿದ್ದರು. ನಮ್ಮ ಗೋಲ್‌ಕೀಪರ್ ಹುಡುಗ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಅವರೆದುರು ಕುರ್ಚಿಯ ತುದಿಯಲ್ಲಿ ಕೂತಿದ್ದ. ಪ್ರಶ್ನೆ ಕೇಳಿದವರು ಕೆಟ್ಟವರೇನಲ್ಲ, ಬೆಳಗಿನಿಂದ ನಲವತ್ತು ಜನರನ್ನು ನೋಡಿ ದಣಿದಿದ್ದರು. ಆದರೆ ಲ್ಯಾಪ್‌ಟಾಪಿನಿಂದ ಒಂದು ಸಲವಾದರೂ ತಲೆ ಎತ್ತಿ ಆ ಹುಡುಗನ ಮುಖ ನೋಡಬಹುದಿತ್ತು. ಎರಡು ನಿಮಿಷದಲ್ಲಿ ಮುಗಿಯಿತು. ಅವನು ಆಯ್ಕೆಯಾಗಲಿಲ್ಲ.

ಏನೂ ಇಲ್ಲವಂತೆ! ದಿನಾ ಐದೂವರೆಗೆ ಮೈದಾನದ ಗೇಟು ತೆಗೆಯುವವನು ಅವನು. ಇಪ್ಪತ್ತೆಂಟು ಮಕ್ಕಳ ಹಾಜರಿ ಅವನದೇ. ಯಾರು ತಿಂಡಿ ತಿನ್ನದೆ ಬಂದಿದ್ದಾರೆ ಅನ್ನುವುದು ಮುಖ ನೋಡಿದರೆ ಅವನಿಗೆ ಗೊತ್ತಾಗುತ್ತದೆ. ಹೋದ ತಿಂಗಳು ಒಂದು ಮಗು ಬಿದ್ದು ಕೈ ಮುರಿದುಕೊಂಡಾಗ ಆಟೋ ಹಿಡಿದು ಬೌರಿಂಗ್ ಆಸ್ಪತ್ರೆಗೆ ಓಡಿದವನು, ತಾಯಿ ಬರುವವರೆಗೆ ಪಕ್ಕದಲ್ಲೇ ಕೂತವನು. ಗೋದಾಮಿಗೆ ಬೇಕಾಗಿದ್ದದ್ದು ಇಂಥವನೇ ಅಲ್ಲವೇ?

ನಮ್ಮ ಕೋಚ್‌ಗೆ ಹೇಳಿದೆ. ಅವರು ಸರ್ಕಾರಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. "ನಂಗೆ ಇಂಟರ್‌ವ್ಯೂ ಆಗಿದ್ದೇ ಗ್ರೌಂಡಲ್ಲಿ ಕಣಮ್ಮ" ಅಂದರು. ಈ ಊರಿನಲ್ಲಿ ವಿಮಾನ ಮಾಡುವ ಎಚ್‌ಎಎಲ್, ಟೆಲಿಫೋನ್ ಮಾಡುತ್ತಿದ್ದ ಐಟಿಐ ಕಾರ್ಖಾನೆಗಳಿಗೆ ತಮ್ಮದೇ ಫುಟ್‌ಬಾಲ್ ತಂಡಗಳಿದ್ದವು. ಕಾಲಿನಲ್ಲಿ ಚೆಂಡು ನಿಂತರೆ ಮನೆಗೆ ಸಂಬಳ ಬರುತ್ತಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಒಂದೇ ಒಂದು ಗೋಲು ಹೊಡೆದ ರಾಮನ್ ನಮ್ಮ ಬೆಂಗಳೂರಿನವರು. ಅವತ್ತು ಆ ತಂಡದ ಹೆಚ್ಚಿನವರು ಆಡಿದ್ದು ಬರಿಗಾಲಲ್ಲಿ. ಹಲಸೂರಿನ ಪಕ್ಕದ ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರರ ಜೊತೆಗೆ ಬ್ರೆಜಿಲಿನ ಫುಟ್‌ಬಾಲ್ ಆಟಗಾರ ಪೆಲೆಗೂ ಒಂದು ಪ್ರತಿಮೆ ಇದೆ. ಅದನ್ನು ನೋಡಿಕೊಂಡೇ ಈ ಕಡೆಯ ಮಕ್ಕಳು ಬೆಳೆಯುವುದು. 2023ರಲ್ಲಿ ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷದ ನಂತರ ರಾಜ್ಯ ತಂಡಗಳ ಫುಟ್‌ಬಾಲ್ ಕಪ್ಪಾದ ಸಂತೋಷ್ ಟ್ರೋಫಿ ತಂದಾಗ ಓಣಿಯ ಹುಡುಗರು ನಿದ್ದೆ ಮಾಡಿರಲಿಲ್ಲ. ಆಟದ ಆಸೆ ಹಾಗೇ ಉಳಿದಿದೆ. ಆಟದಿಂದ ಕೆಲಸಕ್ಕೆ ಹೋಗುತ್ತಿದ್ದ ದಾರಿ ಮಾತ್ರ ನಮ್ಮ ಕಣ್ಣೆದುರೇ ಸವೆದುಹೋಯಿತು. ಕಾರ್ಖಾನೆಯಲ್ಲಿ ಆಳು ಕಡಿಮೆಯಾದರು, ಬಂದ ಹೊಸ ಕೆಲಸಗಳಿಗೆ ಮೈದಾನದ ಕಡೆ ನೋಡುವ ಅಭ್ಯಾಸವೇ ಇಲ್ಲ.

ಇಷ್ಟೆಲ್ಲ ಯೋಚಿಸಿದ ಮೇಲೆ ಬುಧವಾರ ರಾತ್ರಿ ಅವನ ಬಯೋಡೇಟಾ ತೆಗೆದು ನೋಡಿದೆ. ನಾನೇ ಕೂತು ಬರೆಸಿದ್ದು. ಕೊನೆಯ ಸಾಲು: ಹವ್ಯಾಸ, ಫುಟ್‌ಬಾಲ್. ಅನುಭವ ಅನ್ನುವ ಕಡೆ ಗೀಟು ಎಳೆದಿದ್ದೆ. "ಏನೂ ಇಲ್ಲ" ಅನ್ನುವುದನ್ನು ಅವನಿಗೆ ಕಲಿಸಿದ್ದು ಆ ಕಂಪನಿಯವರಲ್ಲ, ನಾನು. ತುಂಬಾ ಹೊತ್ತು ನಿದ್ದೆ ಬರಲಿಲ್ಲ.

ಗುರುವಾರ ಹೊಸದಾಗಿ ಬರೆದೆ. ಐದು ವರ್ಷ ಕೀಪರ್, ಎರಡು ಬೇಸಿಗೆ ಶಿಬಿರಗಳಲ್ಲಿ ಸಹಾಯಕ ಕೋಚ್, ಮಕ್ಕಳ ಹಾಜರಿ, ಸಾಮಾನಿನ ಲೆಕ್ಕ, ಗಾಯವಾದರೆ ಮೊದಲ ಆರೈಕೆ. ಸಂಜೆ ಮೈದಾನಕ್ಕೆ ಹೋಗಿ ಕೊಟ್ಟೆ. ನಿಂತಲ್ಲೇ ಎರಡು ಸಲ ಓದಿ, "ಇದೆಲ್ಲ ಬರೀಬಹುದಾ ಅಕ್ಕ?" ಅಂದ.

"ನಿಜ ತಾನೇ?"

"ನಿಜಾನೇ."

ಮಡಚಿ ಜೇಬಿಗೆ ಇಟ್ಟುಕೊಂಡು ಚೀಲದ ಬಾಯಿ ಬಿಚ್ಚಿ ಚೆಂಡು ಎಣಿಸತೊಡಗಿದ. ಹನ್ನೊಂದು ಇತ್ತು. "ಒಂದು ಕಮ್ಮಿ ಇದೆ ಅಕ್ಕ, ನೀವು ಹೊರಡಿ" ಅಂದವನೇ ಮೊಬೈಲಿನ ಟಾರ್ಚ್ ಹಾಕಿಕೊಂಡು ಕಾಂಪೌಂಡಿನ ಆಚೆ ಮೋರಿಯ ಕಡೆ ನಡೆದ.