ಎಲ್ಲ ಮಕ್ಕಳೂ ಹಾಗೇ ಅಲ್ವಾ ಅಕ್ಕಾ?

ಈ ವಾರ ಪೀಣ್ಯ ಕಡೆಯ ಒಂದು ಅಂಗನವಾಡಿಯಲ್ಲಿ ಮಕ್ಕಳಿಗೆ ಅಸ್ತಮಾ ತಪಾಸಣೆ ಇತ್ತು. ಅಮ್ಮಂದಿರನ್ನು ಕೇಳಿ ಫಾರಂ ತುಂಬುವ ಕೆಲಸ ನನ್ನದು. ಅಲ್ಲಿ ಕೇಳಿದ ಒಂದು ಮಾತು ಇನ್ನೂ ತಲೆಯಿಂದ ಹೋಗಿಲ್ಲ.

ಗಾರ್ಮೆಂಟ್ಸ್‌ಗೆ ಹೋಗುವ ತಾಯಿ. ಅರ್ಧ ದಿನದ ಸಂಬಳ ಬಿಟ್ಟು ಬಂದಿದ್ದರು. ಮಗನಿಗೆ ನಾಲ್ಕು ವರ್ಷ.

"ಉಸಿರಾಟದ ತೊಂದರೆ ಏನಾದ್ರೂ ಇದೆಯಾ?"

"ಇಲ್ಲ ಅಕ್ಕಾ."

"ರಾತ್ರಿ ಕೆಮ್ಮು? ಎದೆಯಲ್ಲಿ ಸುಯ್ ಸುಯ್ ಅನ್ನೋ ಸದ್ದು?"

"ಅದು ಇರುತ್ತೆ. ಎಲ್ಲ ಮಕ್ಕಳೂ ಹಾಗೇ ಅಲ್ವಾ ಅಕ್ಕಾ?"

ಆಕೆ ಏನನ್ನೂ ಮುಚ್ಚಿಡಲಿಲ್ಲ. ಆ ವಠಾರದಲ್ಲಿ ರಾತ್ರಿಯಿಡೀ ಕೆಮ್ಮುವ ಮಕ್ಕಳು ಎಷ್ಟೋ. ಪಕ್ಕದ ಮನೆಯ ಮಗುವೂ ಹಾಗೇ, ಎದುರು ಮನೆಯದೂ ಹಾಗೇ. ಹಾಗಿರುವಾಗ ಅದನ್ನು ಕಾಯಿಲೆ ಅಂತ ಯಾಕೆ ಅಂದುಕೊಳ್ಳಬೇಕು?

ಡಾಕ್ಟರ್ ಎದೆಗೆ ಸ್ಟೆತಸ್ಕೋಪ್ ಇಟ್ಟು, "ಕ್ಲಿಯರ್ ಇದೆ, ನೆಕ್ಸ್ಟ್" ಅಂದರು. ಒಳ್ಳೆಯವರೇ, ಆದರೆ ಆ ಅವಸರ ನನಗೆ ಹಿಡಿಸಲಿಲ್ಲ. ಉಬ್ಬಸ ಬಂದು ಹೋಗುವಂಥದ್ದು. ಬೆಳಿಗ್ಗೆ ಹನ್ನೊಂದಕ್ಕೆ ಎದೆ ಸರಿಯಾಗಿದ್ದರೆ ರಾತ್ರಿಯೂ ಸರಿ ಅಂತ ಅಲ್ಲ. ಉಸಿರಿನ ಶಕ್ತಿ ಅಳೆಯುವ ಯಂತ್ರಕ್ಕೆ ಊದಿಸಿ ನೋಡೋಣ ಅಂದರೆ ಇಷ್ಟು ಚಿಕ್ಕ ಮಕ್ಕಳಲ್ಲಿ ಹೆಚ್ಚಿನವರಿಗೆ ಅದು ಬರೋದಿಲ್ಲ. ಕೊನೆಗೆ ಮನೆಯವರ ಮಾತೇ ಆಧಾರ.

ಅಷ್ಟರಲ್ಲಿ ಬಾಗಿಲ ಹತ್ತಿರ ನಿಂತಿದ್ದ ಸಹಾಯಕಿ ಬಾಯಿ ಬಿಟ್ಟರು. "ಮೇಡಂ, ಅವನು ಓಡೋದೇ ಇಲ್ಲ. ಬೇರೆ ಮಕ್ಕಳು ಓಡ್ತಿದ್ರೆ ಗೋಡೆ ಹಿಡ್ಕೊಂಡು ನಿಲ್ತಾನೆ."

ದಿನವೂ ಆ ಮಕ್ಕಳಿಗೆ ಊಟ ಬಡಿಸಿ ಮಲಗಿಸುವವರು ಅವರು. ಅಲ್ಲಿದ್ದವರಲ್ಲಿ ಆ ಹುಡುಗನನ್ನು ಸರಿಯಾಗಿ ನೋಡಿದ್ದು ಅವರೊಬ್ಬರೇ. ಫಾರಂನಲ್ಲಿ ಅವರ ಮಾತಿಗೆ ಜಾಗವೇ ಇಲ್ಲ!

ತಾಯಿಯನ್ನು ಬೇರೆ ಥರ ಕೇಳಿದೆ. ಡಾಕ್ಟರ್ ಹತ್ತಿರ ಎಷ್ಟು ಸಲ ಹೋಗ್ತೀರಿ? "ಮಳೆ, ಚಳಿ ಬಂದ್ರೆ ತಿಂಗಳಿಗೆ ಎರಡು ಸಲನಾದ್ರೂ. ಮೂಗಿಗೆ ಹೊಗೆ ಹಿಡೀತಾರೆ, ಸರಿಹೋಗುತ್ತೆ." ಅವರು ಹೇಳಿದ್ದು ನೆಬುಲೈಸರ್, ಅಂದರೆ ಔಷಧಿಯನ್ನು ಮಂಜಿನ ಹಾಗೆ ಮಾಡಿ ಉಸಿರಿನ ಜೊತೆ ಒಳಗೆ ಕಳಿಸುವ ಯಂತ್ರ. ಇಷ್ಟು ಕೇಳಿದ ಮೇಲೆ ಡಾಕ್ಟರ್ ಹುಡುಗನನ್ನು ವಾಪಸ್ ಕರೆದು, ದೊಡ್ಡಾಸ್ಪತ್ರೆಗೆ ಚೀಟಿ ಬರೆದರು.

ಬೆಂಗಳೂರಿನ ಮಕ್ಕಳ ವೈದ್ಯ ಡಾ. ಎಚ್. ಪರಮೇಶ್, ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಅಸ್ತಮಾ 1979ರಲ್ಲಿ ಶೇ. 9 ಇದ್ದದ್ದು 1999ಕ್ಕೆ ಶೇ. 29.5 ಆಯಿತು ಅಂತ ದಾಖಲಿಸಿದ್ದಾರೆ. ಅದು ಆಸ್ಪತ್ರೆ ತನಕ ಬಂದವರ ಲೆಕ್ಕ. ಗೋಡೆ ಹಿಡಿದು ನಿಂತವರನ್ನು ಹುಡುಕಿಕೊಂಡು ನಾವೇ ಹೋಗಬೇಕು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಸಲ ನೋಡಬೇಕು. ಉಬ್ಬಸವೂ ಅದರ ಪಟ್ಟಿಯಲ್ಲಿದೆ.

ಆ ತಾಯಿಗೆ ಸೊಳ್ಳೆ ಬತ್ತಿ ಹಚ್ಚಬೇಡಿ ಅಂದೆ. ಒಂದು ಬತ್ತಿ ಉರಿದರೆ 75ರಿಂದ 137 ಸಿಗರೇಟಿನಷ್ಟು ಸಣ್ಣ ಕಣಗಳು ಗಾಳಿಗೆ ಸೇರುತ್ತವೆ ಅಂತ 2003ರ ಒಂದು ಅಧ್ಯಯನ ಹೇಳಿತ್ತು. ಆದರೆ ಅವರ ಮನೆ ಇರೋದು ಮೋರಿ ಪಕ್ಕ. "ಡೆಂಗಿ ಬಂದ್ರೆ ಏನ್ ಮಾಡ್ಲಿ ಅಕ್ಕಾ?" ಅಂದರು. ಸೊಳ್ಳೆ ಪರದೆ ಕಟ್ಟಿ ಅಂದೆ. ಆದರೆ ಮೋರಿ ಮುಚ್ಚಬೇಕಾದವರು ಆಕೆ ಅಲ್ಲವಲ್ಲ. ಆ ಹೊಗೆಗೆ ತಾಯಿಯನ್ನು ಬೈಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತೆ.

ಮುಂದಿನ ತಪಾಸಣೆಯಲ್ಲಿ ಸಹಾಯಕಿಯನ್ನು ಪಕ್ಕದಲ್ಲೇ ಕೂರಿಸಿಕೊಂಡು ಫಾರಂ ತುಂಬೋಣ ಅಂತ ಕೇಳಿದ್ದೇನೆ. ಡಾಕ್ಟರ್ ಒಪ್ಪಿದ್ದಾರೆ. ಚೀಟಿ ಹಿಡಿದು ಆಸ್ಪತ್ರೆಗೆ ಹೋಗೋಕೆ ಆ ತಾಯಿ ಇನ್ನೊಂದು ದಿನದ ಸಂಬಳ ಬಿಡಬೇಕು. ಭಾನುವಾರ ಅಲ್ಲಿ ಮಕ್ಕಳ ಡಾಕ್ಟರ್ ಸಿಗ್ತಾರಾ ಅಂತ ವಿಚಾರಿಸುತ್ತಿದ್ದೇನೆ.